ಒಂಬತ್ತೂವರೆಗೆ ಬಂದ ಎಂಟೂ ಇಪ್ಪತ್ತೈದರ ಟಿಕೆಟ್: ಗದಗಿನ ಒಂದು ಪ್ರೆಸ್ಸಿನ ಸರ್ವರ್ ಪ್ರಕರಣ

ಮೇ ತಿಂಗಳ ಒಂದು ಶುಕ್ರವಾರ ಬೆಳಿಗ್ಗೆ. ಹುಬ್ಬಳ್ಳಿ ವಿದ್ಯಾನಗರದ ನಮ್ಮ ರೂಮಿನಲ್ಲಿ ಇನ್ನೂ ಚಹಾ ಮುಗಿದಿರಲಿಲ್ಲ, ಗದಗಿನ ಪ್ರೆಸ್ಸಿನಿಂದ ಫೋನ್ ಬಂತು. ಮಾತಾಡಿದವರು ಲೆಕ್ಕ ನೋಡುವ ಅಕ್ಕಾರು.

"ಸರ, ಈಗ ಟೈಮ್ ಎಷ್ಟ್ರಿ?"

ಒಂಬತ್ತೂವರೆ ಅಂದೆ.

"ನಮ್ಮ ಗ್ವಾಡಿ ಗಡಿಯಾರದಾಗೂ ಒಂಬತ್ತೂವರಿನೇ ಐತ್ರಿ. ಈಗ ತೆಗೆದ ಜಾಬ್ ಟಿಕೆಟ್ ಮ್ಯಾಲ ಎಂಟೂ ಇಪ್ಪತ್ತೈದು ಅಂತ ಬಂದೈತಿ. ಎಂಟೂ ಇಪ್ಪತ್ತೈದಕ್ಕ ನಾವಿನ್ನೂ ಬಾಗಲಾ ಸೈತ ತೆಗದಿರಲಿಲ್ರಿ."

ಅವರು ಅಷ್ಟು ಗಮನವಿಟ್ಟು ನೋಡದೇ ಇದ್ದಿದ್ದರೆ ಈ ಪ್ರಕರಣ ಯಾವಾಗ ಬೆಳಕಿಗೆ ಬರುತ್ತಿತ್ತೋ ಗೊತ್ತಿಲ್ಲ. ಆ ಟಿಕೆಟ್ಟಿನ ಫೋಟೋ ಕಳಿಸಿ ಅಂದೆ. ಕಳಿಸಿದರು. ಲಗ್ನಪತ್ರಿಕೆಯ ಆರ್ಡರು, ಐದು ನೂರು ಪ್ರತಿ, ಅರಿಸಿಣ ಬಣ್ಣದ ಕಾಗದ, ಮೇಲೆ ಮೂಲೆಯಲ್ಲಿ 8:25. ಉಳಿದದ್ದೆಲ್ಲ ಸರಿ ಇತ್ತು.

ಮೊದಲು ದೂರದಿಂದಲೇ ಒಳಹೊಕ್ಕು ನೋಡಿದೆ. ಆರ್ಡರು ಬರೆದುಕೊಂಡು ಟಿಕೆಟ್ ತೆಗೆಯುವ ಜಾಬ್ ರಿಜಿಸ್ಟರ್ ಇರುವುದು ಒಂದು ವಿಎಂನಲ್ಲಿ, ಅಂದರೆ ಸರ್ವರಿನೊಳಗೆ ತಂತ್ರಾಂಶದಿಂದ ಕಟ್ಟಿದ ವರ್ಚುವಲ್ ಮಷೀನಿನಲ್ಲಿ. ಅದರ ಗಡಿಯಾರ ಸರಿಯಾದ ಸಮಯಕ್ಕಿಂತ 3,800 ಸೆಕೆಂಡಿನಷ್ಟು ಹಿಂದಿತ್ತು. ಒಂದು ನಿಮಿಷ ಬಿಟ್ಟು ಮತ್ತೆ ಕೇಳಿದರೆ ಐದು ಸೆಕೆಂಡ್ ಕಡಿಮೆಯಾಗಿತ್ತು. ಅಂದರೆ ಗಡಿಯಾರ ಕೆಟ್ಟಿಲ್ಲ, ನಿಧಾನವಾಗಿ ಹಿಂದಿನ ಬಾಕಿ ತೀರಿಸುತ್ತಿದೆ. ಯಾವ ಬಾಕಿ ಎಂಬುದೇ ಪ್ರಶ್ನೆ. ಹತ್ತೂವರೆಯ ಬಸ್ ಹಿಡಿದು ಅಣ್ಣಿಗೇರಿ ದಾಟುವ ಹೊತ್ತಿಗೆ ಅರ್ಧ ಉತ್ತರ ಹೊಳೆದಿತ್ತು. ಹಿಂದಿನ ದಿನ ಸಂಜೆ ಅಡ್ಡಮಳೆ ಹೊಡೆದು ಗದಗಿನಲ್ಲಿ ಕರೆಂಟ್ ಹೋಗಿದ್ದ ಸುದ್ದಿ ನನಗೂ ಬಂದಿತ್ತು.

ಪ್ರೆಸ್ಸು ಮತ್ತು ಅದರ ಐದು ಮಷೀನುಗಳು

ಗದಗ ಮುದ್ರಣಕ್ಕೆ ಹೆಸರಾದ ಊರು. ಓಣಿಗೊಂದು ಪ್ರೆಸ್ಸು ಅನ್ನುವಷ್ಟಲ್ಲದಿದ್ದರೂ, ಸ್ಟೇಷನ್ ಕಡೆಯಿಂದ ನಡೆಯುತ್ತ ಹೋದರೆ ಆಫ್‌ಸೆಟ್ ಮಷೀನಿನ ಸದ್ದು ಕಿವಿಗೆ ಬೀಳದೆ ಇರುವುದಿಲ್ಲ. ನಾನು ಹೇಳುತ್ತಿರುವ ಪ್ರೆಸ್ಸಿನಲ್ಲಿ ಪುಸ್ತಕ, ಲಗ್ನಪತ್ರಿಕೆ, ಪಾವತಿ ಪುಸ್ತಕ, ಶಾಲೆ ಶುರುವಾಗುವ ಮುಂದೆ ನೋಟ್‌ಬುಕ್, ದೀಪಾವಳಿಯಿಂದ ಮುಂದೆ ಕ್ಯಾಲೆಂಡರ್, ಎಲ್ಲ ಆಗುತ್ತದೆ.

ಅಲ್ಲಿ ಒಂದೇ ಸರ್ವರ್. 64 ಜಿಬಿ ರ‍್ಯಾಮ್, ಆಲ್ಮಾ ಲಿನಕ್ಸ್ 9, ಮೇಲೆ ವಿಎಂಗಳನ್ನು ಓಡಿಸುವ ಕೆವಿಎಂ. ವಿಎಂಗಳನ್ನು ನೋಡಿಕೊಳ್ಳುವುದು ಲಿಬ್‌ವರ್ಟ್. ಕೆವಿಎಂ 2007ರಲ್ಲಿ ಲಿನಕ್ಸ್ ಕರ್ನಲ್ 2.6.20ರ ಜೊತೆ ಬಂದದ್ದು. ಲಿಬ್‌ವರ್ಟ್ ಅದಕ್ಕಿಂತ ಒಂದು ವರ್ಷಕ್ಕೂ ಹೆಚ್ಚು ಹಿರಿಯದು. ಇಂದು ಸಣ್ಣ ಆಫೀಸುಗಳಲ್ಲಿ ಹಣ ಕೊಡದೆ ಗಟ್ಟಿಯಾದ ವಿಎಂ ವ್ಯವಸ್ಥೆ ಬೇಕೆಂದರೆ ನಾನು ಮೊದಲು ನೆಚ್ಚುವುದು ಈ ಜೋಡಿಯನ್ನೇ.

ಒಳಗೆ ಐದು ವಿಎಂ. ಪುಟಗಳನ್ನೆಲ್ಲ ಇಟ್ಟುಕೊಳ್ಳುವ ಫೈಲ್ ಸರ್ವರ್, 8 ಜಿಬಿ. ಜಾಬ್ ರಿಜಿಸ್ಟರ್, 8 ಜಿಬಿ. ಟ್ಯಾಲಿ ಇರುವ ವಿಂಡೋಸ್ ಸರ್ವರ್, 16 ಜಿಬಿ. ಪಿಡಿಎಫ್ ಜೋಡಿಸಿ ಪ್ಲೇಟಿಗೆ ತಯಾರು ಮಾಡುವ ವಿಂಡೋಸ್ 10, ಅದೂ 16 ಜಿಬಿ. ಐದನೆಯದು 2 ಜಿಬಿಯ ವಿಂಡೋಸ್ ಎಕ್ಸ್‌ಪಿ.

ಈ ಎಕ್ಸ್‌ಪಿಯ ಬಗ್ಗೆ ನಾಲ್ಕು ಮಾತು ಹೇಳಲೇಬೇಕು. ಎಕ್ಸ್‌ಪಿಗೆ ಮೈಕ್ರೋಸಾಫ್ಟ್ 2014ರ ಏಪ್ರಿಲ್‌ನಲ್ಲೇ ಬೆಂಬಲ ನಿಲ್ಲಿಸಿತು. ಆದರೂ ಈ ಪ್ರೆಸ್ಸಿನಲ್ಲಿ ಅದು ಬೇಕು, ಯಾಕೆಂದರೆ ಇಪ್ಪತ್ತು ವರ್ಷಗಳ ಪುಸ್ತಕಗಳು ಪುಟ ಜೋಡಿಸುವ ಹಳೆಯ ತಂತ್ರಾಂಶ ಪೇಜ್‌ಮೇಕರ್ 7ರಲ್ಲಿ, ಯೂನಿಕೋಡ್ ಅಲ್ಲದ ಹಳೆಯ ಕನ್ನಡ ಫಾಂಟುಗಳಲ್ಲಿ ಕೂತಿವೆ. ಅವನ್ನು ಯೂನಿಕೋಡಿಗೆ ತಿರುಗಿಸಿದರೆ ಅರ್ಕಾವತ್ತು ಜಾಗ ಬಿಡುತ್ತದೆ, ಒತ್ತಕ್ಷರ ಕಳಚುತ್ತದೆ, ಸಾಲು ಮುರಿಯುವ ಜಾಗ ಬದಲಾಗಿ ಪುಟದ ಸಂಖ್ಯೆಯೇ ಏರುಪೇರಾಗುತ್ತದೆ. ಮರುಮುದ್ರಣ ಬಂದಾಗ ಎರಡು ಕಾಗುಣಿತ ತಿದ್ದಿ, ಮುನ್ನುಡಿಯೊಂದು ಸೇರಿಸಿ ಕೊಡಬೇಕಾದ ಕೆಲಸಕ್ಕೆ ಇಡೀ ಪುಸ್ತಕವನ್ನು ಹೊಸದಾಗಿ ಕಟ್ಟುವುದು ಆಗದ ಮಾತು. ಹೀಗಾಗಿ ಹಳೆಯ ಕಂಪ್ಯೂಟರ್ ಸಾಯುವ ಮುಂಚೆ ಅದರ ಡಿಸ್ಕನ್ನು ಹಾಗೆಯೇ ಎತ್ತಿ ವಿಎಂ ಮಾಡಿದ್ದರು. ಅದಕ್ಕೆ ಇಂಟರ್ನೆಟ್ ಇಲ್ಲ, ಬೇರೆ ವಿಎಂಗಳ ಸಂಪರ್ಕವೂ ಇಲ್ಲ. ಪುಟಗಳು ಪೆನ್‌ಡ್ರೈವಿನಲ್ಲಿ ಹೋಗಿಬರುತ್ತವೆ. ಅದರ ಮುಂದೆ ಕೂರುವವರು ಡಿಟಿಪಿ ಕಾಕಾ. ಮೊಳೆ ಜೋಡಿಸುವ ಕಾಲದಿಂದ ಈ ಕೆಲಸದಲ್ಲಿ ಇದ್ದವರು.

ಹಿಂದಿನ ಸಂಜೆ ಏನಾಗಿತ್ತು

ಲಾಗ್ ಫೈಲುಗಳನ್ನು ಸಾಲಾಗಿ ಓದಿಕೊಂಡು ಕೂತೆ. ಕರೆಂಟ್ ಹೋದದ್ದು ಸಂಜೆ 4:22ಕ್ಕೆ. ಯುಪಿಎಸ್‌ನ ಯುಎಸ್‌ಬಿ ವೈರು ಸರ್ವರಿಗೆ ಸೇರಿತ್ತು, ನಟ್ ಎಂಬ ತಂತ್ರಾಂಶ ಅದನ್ನು ಗಮನಿಸುತ್ತಿತ್ತು. ಅಷ್ಟು ಮಾಡಿಟ್ಟುಹೋಗಿದ್ದವರ ಬಗ್ಗೆ ನನಗೆ ಗೌರವವಿದೆ, ಎಷ್ಟೋ ಕಡೆ ಅದೂ ಇರುವುದಿಲ್ಲ. ಕರೆಂಟ್ ಹೋದ ಕ್ಷಣ ಯುಪಿಎಸ್ ಇನ್ನು 26 ನಿಮಿಷ ತಡೆಯುತ್ತೇನೆ ಎಂದು ವರದಿ ಮಾಡಿತ್ತು. 4:33ಕ್ಕೆ ಬ್ಯಾಟರಿ ಮುಗಿಯುತ್ತ ಬಂತು ಎಂಬ ಸೂಚನೆ ಕೊಟ್ಟಿತು. ಬ್ಯಾಟರಿ ಹಳತಾದಾಗ ಲೆಕ್ಕದ ನಿಮಿಷಕ್ಕೂ ನಿಜದ ನಿಮಿಷಕ್ಕೂ ಹೀಗೆ ಅಂತರ ಬೀಳುತ್ತದೆ. ಸೂಚನೆ ಬಂದ ಕೂಡಲೇ ಹೋಸ್ಟ್, ಅಂದರೆ ವಿಎಂಗಳನ್ನು ಹೊತ್ತ ಆ ಸರ್ವರ್, ತನ್ನನ್ನು ತಾನು ಮುಚ್ಚಿಕೊಳ್ಳಲು ಶುರು ಮಾಡಿತು.

ಪ್ರಕರಣದ ಗಂಟು ಇರುವುದು ಇಲ್ಲಿ. ಹೋಸ್ಟ್ ಮುಚ್ಚುವಾಗ ಒಳಗಿನ ವಿಎಂಗಳನ್ನು ಏನು ಮಾಡಬೇಕು? ಅದನ್ನು ನಿರ್ಧರಿಸುವುದು ಲಿಬ್‌ವರ್ಟ್-ಗೆಸ್ಟ್ಸ್ ಎಂಬ ಚಿಕ್ಕ ಸರ್ವಿಸು. ಅದರ ಸೆಟ್ಟಿಂಗ್ ಯಾವ ಒಂದು ವಿಎಂಗೂ ಸೇರಿದ್ದಲ್ಲ, ಇಡೀ ಹೋಸ್ಟಿಗೆ ಸೇರಿದ್ದು. ಆಲ್ಮಾ ಸೇರಿದಂತೆ ರೆಡ್ ಹ್ಯಾಟ್ ಬಳಗದ ಲಿನಕ್ಸುಗಳಲ್ಲಿ ಆ ಫೈಲು ಇಟಿಸಿಯೊಳಗಿನ ಸಿಸ್‌ಕಾನ್ಫಿಗ್ ಫೋಲ್ಡರಿನಲ್ಲಿ ಇರಬೇಕು. ಹೋಗಿ ನೋಡಿದರೆ ಫೈಲೇ ಇಲ್ಲ. ಈಚಿನ ಲಿಬ್‌ವರ್ಟ್ ಅದನ್ನು ತಾನಾಗಿ ಇಟ್ಟುಕೊಡುವುದಿಲ್ಲ. ಬೇಕಾದವರು ಬರೆದಿಟ್ಟುಕೊಳ್ಳಬೇಕು, ಬರೆಯದಿದ್ದರೆ ಒಳಗೆ ಅಡಗಿರುವ ಪೂರ್ವನಿಗದಿ (ಡಿಫಾಲ್ಟ್) ಬೆಲೆಗಳು ನಡೆಯುತ್ತವೆ. ಆ ಬೆಲೆಗಳ ಪ್ರಕಾರ ಹೋಸ್ಟ್ ಮುಚ್ಚುವಾಗ ಎಲ್ಲ ವಿಎಂಗಳನ್ನೂ ಸಸ್ಪೆಂಡ್ ಮಾಡಬೇಕು, ಹೋಸ್ಟ್ ಎದ್ದಾಗ ಅವನ್ನು ಮತ್ತೆ ಎಬ್ಬಿಸಬೇಕು. ಐದೂ ವಿಎಂಗಳನ್ನು ಕಟ್ಟುವಾಗ ರ‍್ಯಾಮ್ ಎಷ್ಟು, ಡಿಸ್ಕ್ ಎಷ್ಟು, ನೆಟ್‌ವರ್ಕ್ ಹೇಗೆ ಎಂದು ಯಾರೋ ಶ್ರದ್ಧೆಯಿಂದ ಯೋಚಿಸಿದ್ದರು. ಐದೂ ಒಟ್ಟಿಗೆ ಮಲಗುವ ಗಳಿಗೆಯನ್ನು ಮಾತ್ರ ಯಾರೂ ಯೋಚಿಸಿರಲಿಲ್ಲ, ಅದು ಯಾವ ವಿಎಂನ ಪುಟದಲ್ಲೂ ಕಾಣುವುದಿಲ್ಲವಲ್ಲ.

ಸಸ್ಪೆಂಡ್ ಅಂದರೆ ಇಲ್ಲಿ ವಿಎಂನ ರ‍್ಯಾಮಿನಲ್ಲಿ ಇದ್ದದ್ದನ್ನೆಲ್ಲ ಡಿಸ್ಕಿಗೆ ಬರೆದು ನಿಲ್ಲಿಸುವುದು. ಬರೆಯುವ ಜಾಗ ಹೋಸ್ಟಿನ ಡಿಸ್ಕಿನ ವಾರ್ ಎಂಬ ವಿಭಾಗದಲ್ಲಿ, ಲಿಬ್‌ವರ್ಟ್‌ನ ಫೋಲ್ಡರಿನೊಳಗೆ. ಆ ವಿಭಾಗದಲ್ಲಿ ಅಂದು ಖಾಲಿ ಇದ್ದದ್ದು 24 ಜಿಬಿ. ಫೈಲ್ ಸರ್ವರಿನ 8 ಜಿಬಿ ಬರೆಯಿತು, ಜಾಬ್ ರಿಜಿಸ್ಟರಿನ 8 ಬರೆಯಿತು. ಉಳಿದದ್ದು ಎಂಟು. ಟ್ಯಾಲಿಯ 16 ಜಿಬಿ ಬರೆಯಲು ಹೋಗಿ ಅರ್ಧಕ್ಕೇ ಜಾಗ ತೀರಿತು, ಬರೆದದ್ದನ್ನು ಅಳಿಸಿ ಕೈಬಿಟ್ಟಿತು. ವಿಂಡೋಸ್ 10ಕ್ಕೂ ಅದೇ ಗತಿ. ಎಕ್ಸ್‌ಪಿಯ 2 ಜಿಬಿಗೆ ಜಾಗ ಸಿಕ್ಕಿತು. ಆಮೇಲೆ ಹೋಸ್ಟ್ ಮುಚ್ಚಿತು, ಇನ್ನೂ ಓಡುತ್ತಿದ್ದ ಎರಡು ವಿಂಡೋಸ್‌ಗಳಿಗೆ ಅದು ಪ್ಲಗ್ ಕಿತ್ತ ಹಾಗೆಯೇ ಆಯಿತು.

ಕರೆಂಟ್ ಬಂದದ್ದು 6:50ಕ್ಕೆ. ಐದೂ ಎದ್ದವು. ಟ್ಯಾಲಿಯ ಡೇಟಾ ರಿಪೇರಿ ಕೇಳಿತು, ಎರಡು ವೋಚರ್ ಕಾಣೆಯಾಗಿದ್ದವು. ಅಕ್ಕಾರು ಕ್ಯಾಶ್ ಪುಸ್ತಕ ನೋಡಿ ಮತ್ತೆ ಹಾಕಿದರು. ಜಾಬ್ ರಿಜಿಸ್ಟರ್ ಮಾತ್ರ 4:34ಕ್ಕೆ ಕಣ್ಣು ಮುಚ್ಚಿ 6:52ಕ್ಕೆ ತೆರೆದದ್ದು, ನಡುವಿನ 138 ನಿಮಿಷ ಅದರ ಪಾಲಿಗೆ ನಡೆದೇ ಇಲ್ಲ. ಒಳಗೆ ಸಮಯ ತಿದ್ದುವ ಕ್ರೋನಿ ಇತ್ತು. ಆದರೆ ಕ್ರೋನಿಯ ಸಾಮಾನ್ಯ ಸೆಟ್ಟಿಂಗಿನಲ್ಲಿ ಗಡಿಯಾರವನ್ನು ಒಮ್ಮೆಲೇ ಜಿಗಿಸುವ ಅನುಮತಿ ಅದು ಶುರುವಾದ ಮೇಲಿನ ಮೊದಲ ಮೂರು ತಿದ್ದುಪಡಿಗೆ ಮಾತ್ರ. ಇಲ್ಲಿ ಕ್ರೋನಿ ಹೊಸದಾಗಿ ಶುರುವಾಗಲಿಲ್ಲ, ಮಲಗಿದ್ದು ಎದ್ದಿತು ಅಷ್ಟೇ. ಹಾಗಾಗಿ ಅದು ಮೆಲ್ಲಗೆ ಎಳೆದು ಸರಿಪಡಿಸುವ ದಾರಿ ಹಿಡಿಯಿತು, ಹೆಚ್ಚೆಂದರೆ ಹನ್ನೆರಡು ನಿಮಿಷಕ್ಕೆ ಒಂದು ನಿಮಿಷದ ಲೆಕ್ಕದಲ್ಲಿ. 138 ನಿಮಿಷ ತೀರಲು 27 ಗಂಟೆಗೂ ಮೇಲೆ ಬೇಕು. ಬೆಳಿಗ್ಗೆ ಒಂಬತ್ತೂವರೆಯ ಹೊತ್ತಿಗೆ 73 ನಿಮಿಷ ತೀರಿತ್ತು, 65 ಉಳಿದಿತ್ತು. ಅಕ್ಕಾರ ಕೈಯಲ್ಲಿದ್ದ ಟಿಕೆಟ್ ಸುಳ್ಳು ಹೇಳಿದ್ದು ಸರಿಯಾಗಿ ಅಷ್ಟನ್ನೇ.

ರಿಜಿಸ್ಟರಿನ ಪ್ರೋಗ್ರಾಂ ನಿಲ್ಲಿಸಿ, ಕ್ರೋನಿಗೆ ಒಮ್ಮೆಲೇ ಜಿಗಿಯಲು ಹೇಳಿ, ಮತ್ತೆ ಶುರು ಮಾಡಿದೆ. ಹಿಂದಿನ ಸಂಜೆಯಿಂದ ತಪ್ಪು ಸಮಯ ಬಿದ್ದಿದ್ದ ಟಿಕೆಟ್ಟುಗಳು 23. ಕ್ರಮಸಂಖ್ಯೆ ಸರಿ ಇದ್ದದ್ದರಿಂದ ಮತ್ತು ಅಕ್ಕಾರು ಕಾಗದದ ಕಚ್ಚಾ ರಿಜಿಸ್ಟರ್ ಬಿಟ್ಟಿರದ ಕಾರಣ, ಇಬ್ಬರೂ ಕೂತು ಒಂದೊಂದಾಗಿ ತಿದ್ದಿದೆವು.

ಒಂದೇ ಸಾಲು, ಐದು ಮಂದಿಗೆ

ಇಷ್ಟಾದ ಮೇಲೆ ಸಸ್ಪೆಂಡ್ ತೆಗೆದು ಶಟ್‌ಡೌನ್ ಎಂದು ಬರೆದರೆ ಮುಗಿಯಿತಲ್ಲ ಎಂದು ನನಗೂ ಅನಿಸಿತ್ತು. ಹಾಗೆ ಬರೆದು ಸಂಜೆಯ ಬಸ್ಸಿಗೆ ಹೊರಡಲೂಬಹುದಿತ್ತು. ಹೊರಡುವ ಮುಂಚೆ ಕಾಕಾ ಕಡೆ ಹೋಗಿ, "ಕಾಕಾ, ನಿನ್ನೆ ನಿಮ್ಮ ಪುಟ ಏನಾತು?" ಅಂತ ಕೇಳಿದೆ.

"ನಂದೇನೂ ಆಗಿಲ್ಲ ತಮ್ಮಾ. ಕರೆಂಟ್ ಹೋಗೂ ಮುಂದ ಯಾವ ಪುಟದಾಗ ಇದ್ದೆನೋ ಅದ ಪುಟ ತಗದಿತ್ತು. ಕರ್ಸರ್ ಸೈತ ಅಲ್ಲೇ ಮಿಣಕ್ ಮಿಣಕ್ ಅನಕೋತ ನಿಂತಿತ್ತು. ಭಾಳ ಚೊಲೊ ಆತು."

ಅಲ್ಲಿಗೆ ನನ್ನ ಅವಸರ ನಿಂತಿತು. ಯಾವ ಸಸ್ಪೆಂಡ್ ಜಾಬ್ ರಿಜಿಸ್ಟರನ್ನು ಕೆಡಿಸಿತ್ತೋ ಅದೇ ಕಾಕಾನ ಎರಡು ತಾಸಿನ ಕೆಲಸವನ್ನು ಉಳಿಸಿತ್ತು. ಶಟ್‌ಡೌನ್ ಮಾಡಿದರೆ ಪೇಜ್‌ಮೇಕರಿನಲ್ಲಿ ಸೇವ್ ಮಾಡದ ತಿದ್ದುಪಡಿ ಹೋದಂತೆಯೇ. ಹೋಸ್ಟ್ ಮುಚ್ಚುವಾಗಿನ ಆ ಸೆಟ್ಟಿಂಗು ಐದು ವಿಎಂಗಳಿಗೂ ಒಂದೇ. ಒಂದಕ್ಕೆ ಹೀಗೆ, ಇನ್ನೊಂದಕ್ಕೆ ಹಾಗೆ ಎಂದು ಅದರಲ್ಲಿ ಬರೆಯಲು ಬರುವುದಿಲ್ಲ. ಇಡೀ ಮನೆಗೆ ಒಂದೇ ಮೇನ್ ಸ್ವಿಚ್ ಇದ್ದ ಹಾಗೆ.

ಬಸ್ ಬಿಟ್ಟೆ. ಮಾಲಕರು, ಅಕ್ಕಾರು, ಕಾಕಾ, ಪ್ಲೇಟಿನ ಹುಡುಗ, ನಾಲ್ವರನ್ನೂ ಕೂರಿಸಿಕೊಂಡು ಕೇಳಿದೆ: ಕರೆಂಟ್ ಹೋದರೆ ನಿಮ್ಮ ಮಷೀನು ಹೇಗೆ ಮಲಗಬೇಕು, ಬಂದಾಗ ಯಾರದು ಮೊದಲು ಏಳಬೇಕು? ಇಂಥ ಸೆಟ್ಟಿಂಗನ್ನು ನನ್ನಂಥವನು ಒಬ್ಬನೇ ಕೂತು ಬರೆಯುವುದು ತಪ್ಪು ಎಂದೇ ನನ್ನ ನಂಬಿಕೆ. ನನಗೆ ಸಾಲುಗಳು ಗೊತ್ತು, ಕೆಲಸದ ಸರಣಿ ಗೊತ್ತಿರುವುದು ಅವರಿಗೆ. ಅಕ್ಕಾರಿಗೆ ಟ್ಯಾಲಿ ಸರಿಯಾಗಿ ಮುಚ್ಚಿದರೆ ಸಾಕು, ಬೆಳಿಗ್ಗೆ ತಡವಾಗಿ ಎದ್ದರೂ ನಡೆಯುತ್ತದೆ. ಮಾಲಕರಿಗೆ ಫೈಲ್ ಸರ್ವರ್ ಮತ್ತು ಜಾಬ್ ರಿಜಿಸ್ಟರ್ ಮೊದಲು ಏಳಬೇಕು, "ಗಿರಾಕಿ ಬಂದು ನಿಂತಿರ್ತಾರ ಸರ, ಅವರಿಗೆ ಮಷೀನ್ ಏಳಲಿ ತಡೀರಿ ಅನ್ನಾಕ ಬರೂದಿಲ್ಲ." ಪ್ಲೇಟಿನ ಹುಡುಗನದು ನಡುವೆ. ಕಾಕಾನದು ಒಂದೇ ಬೇಡಿಕೆ, ಪುಟ ಇದ್ದ ಹಾಗೇ ಇರಬೇಕು. ಅದು ತಾನಾಗಿ ಏಳದಿದ್ದರೂ ಅಡ್ಡಿಯಿಲ್ಲ, ಬಂದ ಮೇಲೆ ತಾವೇ ಎಬ್ಬಿಸಿಕೊಳ್ಳುತ್ತಾರೆ.

ಬರೆದದ್ದು

ಇಲ್ಲದ ಫೈಲನ್ನು ಬರೆದೆ. ಹೋಸ್ಟ್ ಮುಚ್ಚುವಾಗ ಶಟ್‌ಡೌನ್. ಪ್ಯಾರಲಲ್ ಶಟ್‌ಡೌನ್ (ಒಮ್ಮೆಗೆ ಎಷ್ಟು ವಿಎಂ ಮುಚ್ಚಬಹುದು ಎಂಬುದು) 4, ಕಾಯುವ ಗಡುವು 150 ಸೆಕೆಂಡ್. ಈ ಎರಡು ಅಂಕಿಗಳ ನಂಟು ಬಿಡಿಸಿ ಹೇಳಬೇಕು. ಪ್ಯಾರಲಲ್ ಬೆಲೆ ಸೊನ್ನೆ ಇದ್ದರೆ ವಿಎಂಗಳು ಒಂದಾದ ಮೇಲೆ ಒಂದು ಮುಚ್ಚುತ್ತವೆ, ಗಡುವು ಪ್ರತಿಯೊಂದಕ್ಕೂ ಬೇರೆ ಬೇರೆ. ಪೂರ್ವನಿಗದಿ ಗಡುವು 300 ಸೆಕೆಂಡ್. ನಾಲ್ಕು ವಿಎಂಗಳೂ ಹಟ ಹಿಡಿದರೆ ಇಪ್ಪತ್ತು ನಿಮಿಷ. ನಮ್ಮ ಯುಪಿಎಸ್ ತಡೆಯುವುದೇ ಹನ್ನೊಂದು. ಪ್ಯಾರಲಲ್ ಹಾಕಿದಾಗ ಗಡುವು ಎಲ್ಲವಕ್ಕೂ ಸೇರಿ ಒಂದೇ ಆಗುತ್ತದೆ. ಆಗ ಮಾತ್ರ ಬ್ಯಾಟರಿಯ ನಿಮಿಷದ ಜೊತೆ ತಾಳೆ ಹಾಕಲು ಬರುತ್ತದೆ.

ಏಳುವ ಕ್ರಮಕ್ಕೆ ಫೈಲ್ ಸರ್ವರ್ ಮತ್ತು ಜಾಬ್ ರಿಜಿಸ್ಟರಿಗೆ ಮಾತ್ರ ಆಟೋಸ್ಟಾರ್ಟ್ (ಹೋಸ್ಟ್ ಎದ್ದಾಗಲೆಲ್ಲ ತಾನಾಗಿ ಏಳುವುದು) ಇಟ್ಟು, ಉಳಿದವಕ್ಕೆ ತೆಗೆದೆ. ಉಳಿದವನ್ನು ಲಿಬ್‌ವರ್ಟ್-ಗೆಸ್ಟ್ಸ್ 40 ಸೆಕೆಂಡಿನ ಅಂತರದಲ್ಲಿ ಎಬ್ಬಿಸುತ್ತದೆ. ಎಲ್ಲವನ್ನೂ ಅದಕ್ಕೇ ಒಪ್ಪಿಸಬಹುದಿತ್ತಲ್ಲ ಎಂದರೆ, ಒಪ್ಪಿಸಬಾರದು. ಅದು ಎಬ್ಬಿಸುವುದು ತಾನು ಹೋಸ್ಟ್ ಮುಚ್ಚುವಾಗ ಬರೆದಿಟ್ಟ ಪಟ್ಟಿಯನ್ನು ನೋಡಿ. ಹೋಸ್ಟ್ ಹಠಾತ್ತಾಗಿ ಸತ್ತರೆ ಪಟ್ಟಿಯೇ ಇರುವುದಿಲ್ಲ, ಯಾವುದೂ ಏಳುವುದಿಲ್ಲ. ಗಿರಾಕಿಗೆ ಬೇಕಾದ ಎರಡಾದರೂ ಯಾವ ಸ್ಥಿತಿಯಲ್ಲೂ ಏಳಲಿ ಎಂದು ಹೀಗೆ ಒಡೆದಿಟ್ಟೆ.

ಕಾಕಾನ ಎಕ್ಸ್‌ಪಿಗೆ ದಾರಿ ಸಿಕ್ಕಿದ್ದು ಯುಪಿಎಸ್ ಕಡೆಯಿಂದ. ಕರೆಂಟ್ ಹೋಗಿ ಎರಡು ನಿಮಿಷ ಆದರೆ ನಟ್ ಒಂದು ಆದೇಶ ಓಡಿಸುತ್ತದೆ, ಎಕ್ಸ್‌ಪಿಯೊಂದನ್ನೇ ಡಿಸ್ಕಿಗೆ ಬರೆದು ನಿಲ್ಲಿಸು ಎಂದು. 2 ಜಿಬಿ, ಆರು ಸೆಕೆಂಡ್. ನಾಲ್ಕು ನಿಮಿಷ ಆದರೆ ಬ್ಯಾಟರಿಯ ಸೂಚನೆಗೆ ಕಾಯದೆ ಇಡೀ ಹೋಸ್ಟ್ ಮುಚ್ಚಲು ಶುರು. ಆ ಹೊತ್ತಿಗೆ ಎಕ್ಸ್‌ಪಿ ಓಡುತ್ತಿರುವುದಿಲ್ಲ, ಹಾಗಾಗಿ ಎಲ್ಲರಿಗೂ ಅನ್ವಯಿಸುವ ಶಟ್‌ಡೌನ್ ಅದನ್ನು ತಟ್ಟುವುದಿಲ್ಲ, ಏಳುವ ಪಟ್ಟಿಯಲ್ಲೂ ಅದರ ಹೆಸರು ಬರುವುದಿಲ್ಲ. ಕಾಕಾ ಬಂದು ಐಕಾನ್ ಒತ್ತಿದಾಗ ಉಳಿಸಿಟ್ಟ ಸ್ಥಿತಿಯಿಂದಲೇ ತೆರೆಯುತ್ತದೆ. ಎಕ್ಸ್‌ಪಿಯ ಗಡಿಯಾರ ಹಿಂದೆ ಬೀಳುತ್ತದೆ, ಆದರೆ ಅಲ್ಲಿ ಸಮಯ ನೋಡಿ ಯಾವ ಕೆಲಸವೂ ನಡೆಯುವುದಿಲ್ಲ.

ರ‍್ಯಾಮಿನ ಪ್ರತಿಯನ್ನು ಕುಗ್ಗಿಸಿ ಬರೆಯುವ ಸೆಟ್ಟಿಂಗೂ ಕ್ಯೂಎಂಯು ಕಾನ್ಫ್ ಫೈಲಿನಲ್ಲಿದೆ (ಕ್ಯೂಎಂಯು ಅಂದರೆ ಕೆವಿಎಂ ಜೊತೆ ಸೇರಿ ವಿಎಂ ಓಡಿಸುವ ತಂತ್ರಾಂಶ). ಜಾಗ ಉಳಿಯುತ್ತದೆ, ಸಮಯ ಹೆಚ್ಚು ಬೇಕು. 2 ಜಿಬಿಗೆ ಅದರ ಅಗತ್ಯ ಕಾಣಲಿಲ್ಲ. ಮೆಮೊರಿ ಹಂಚಿಕೆಯ ಸೆಟ್ಟಿಂಗುಗಳನ್ನು ಮುಟ್ಟಲೂ ಇಲ್ಲ, 64ರಲ್ಲಿ 50 ಜಿಬಿ ಹಂಚಿಕೆಯಾಗಿ ಹೋಸ್ಟಿಗೆ ಉಸಿರಾಡಲು ಜಾಗವಿತ್ತು.

ಆ ಫೈಲನ್ನು ತೆರೆದದ್ದಕ್ಕೆ ಇನ್ನೊಂದು ಕಣ್ಣಿಗೆ ಬಿತ್ತು. ವಿಎಂಗಳ ಸ್ಕ್ರೀನ್ ತೋರಿಸುವ ವಿಎನ್‌ಸಿ ಇಡೀ ನೆಟ್‌ವರ್ಕಿಗೆ ತೆರೆದಿತ್ತು, ಪಾಸ್‌ವರ್ಡ್ ಇಲ್ಲದೆ. ಪ್ರೆಸ್ಸಿನ ವೈಫೈ ಗುಟ್ಟೇನಲ್ಲ. ಲಗ್ನಪತ್ರಿಕೆಯ ಪ್ರೂಫ್ ನೋಡಲು ಬಂದವರಿಗೆಲ್ಲ ಕೊಡುತ್ತಾರೆ. ಅಂದರೆ ಬೆಂಚಿನ ಮೇಲೆ ಕೂತ ಯಾರಾದರೂ ಟ್ಯಾಲಿಯ ಸ್ಕ್ರೀನ್ ನೋಡಬಹುದಿತ್ತು. ಯಾರೂ ನೋಡಿದ ಗುರುತಿಲ್ಲ, ಆದರೂ ಎದೆ ಧಸಕ್ಕೆಂದಿತು. ಹೋಸ್ಟಿನೊಳಗೆ ಮಾತ್ರ ಎಂದು ಬದಲಿಸಿ, ನನ್ನ ಲ್ಯಾಪ್‌ಟಾಪಿನಿಂದ ಎಸ್‌ಎಸ್‌ಎಚ್ ಎಂಬ ಸುರಕ್ಷಿತ ಸಂಪರ್ಕದ ಮೂಲಕ ಬರುವ ದಾರಿ ಇಟ್ಟುಕೊಂಡೆ.

ಇಲ್ಲಿ ಎರಡು ಮೋಸದ ಜಾಗಗಳಿವೆ, ಗೊತ್ತಿರದವರು ಎಡವುತ್ತಾರೆ. ಒಂದು, ಕ್ಯೂಎಂಯು ಕಾನ್ಫ್ ಬದಲಿಸಿ ಸರ್ವಿಸನ್ನು ಮರುಶುರು ಮಾಡಿದರೂ ಈಗಾಗಲೇ ಓಡುತ್ತಿರುವ ವಿಎಂಗೆ ಅದು ತಟ್ಟುವುದಿಲ್ಲ. ವಿಎಂ ಒಳಗಿನಿಂದ ರೀಸ್ಟಾರ್ಟ್ ಕೊಟ್ಟರೂ ಸಾಲದು. ಪೂರ್ತಿ ಆರಿಸಿ ಹಚ್ಚಬೇಕು. ಎರಡು, ಮುಂಚಿನವರು ಲಾಗ್ ಹೆಚ್ಚಿಸಲೆಂದು ಲಿಬ್‌ವರ್ಟ್‌ಡಿ ಕಾನ್ಫ್ ಫೈಲಿನಲ್ಲಿ ಸಾಲುಗಳನ್ನು ಬರೆದಿದ್ದರು. ಅವು ಒಂದು ದಿನವೂ ಕೆಲಸ ಮಾಡಿರಲಿಲ್ಲ. ರೆಡ್ ಹ್ಯಾಟ್ 9ರ ಬಳಗದಲ್ಲಿ ಹಳೆಯ ಒಂದೇ ದೊಡ್ಡ ಸರ್ವಿಸಾದ ಲಿಬ್‌ವರ್ಟ್‌ಡಿಯ ಬದಲು ಬಿಡಿ ಬಿಡಿ ಸರ್ವಿಸುಗಳು ಓಡುತ್ತವೆ, ವಿಎಂಗಳನ್ನು ನೋಡುವುದು ವರ್ಟ್‌ಕ್ಯೂಎಂಯುಡಿ. ಅದು ಓದುವುದು ತನ್ನ ಹೆಸರಿನ ಫೈಲನ್ನು. ಸಾಲುಗಳನ್ನು ಅಲ್ಲಿಗೆ ಸ್ಥಳಾಂತರಿಸಿದೆ. ಬರೆಯುವ ಮುಂಚೆ ಯಾವ ಸರ್ವಿಸ್ ನಿಜಕ್ಕೂ ಓಡುತ್ತಿದೆ ಎಂದು ಕೇಳಿ ನೋಡುವ ಅಭ್ಯಾಸ ನನಗೆ ಅಂದಿನಿಂದ ಗಟ್ಟಿಯಾಯಿತು.

ಭಾನುವಾರದ ಪರೀಕ್ಷೆ

ಕಾಗದದ ಮೇಲೆ ಎಲ್ಲ ಸರಿ ಇದ್ದರೂ ಪ್ಲಗ್ ಕೀಳದೆ ನಂಬಬಾರದು. ಮಾಲಕರಿಗೆ ಹೇಳಿದಾಗ ಮುಖ ಸಣ್ಣದು ಮಾಡಿದರು, ಆಮೇಲೆ ಒಪ್ಪಿದರು. ಭಾನುವಾರ ಬ್ಯಾಕಪ್ ತೆಗೆದು, ಹತ್ತು ಗಂಟೆಗೆ ಯುಪಿಎಸ್‌ನ ಗೋಡೆಯ ಪ್ಲಗ್ ಕಿತ್ತೆ. ಕಾಕಾ ಬೇಕೆಂದೇ ಬಂದಿದ್ದರು. ಎಕ್ಸ್‌ಪಿಯಲ್ಲಿ ಒಂದು ಮಠದ ಪುಸ್ತಕದ 14ನೇ ಪುಟ ತೆರೆದು, "ಕರ್ತೃ" ಎಂಬ ಪದದ ಅರ್ಕಾವತ್ತಿನ ಮೇಲೆ ಕರ್ಸರ್ ಇಟ್ಟು, ಸೇವ್ ಮಾಡದೆ, ಕೈ ಕಟ್ಟಿ ಕೂತರು.

ಎರಡು ನಿಮಿಷಕ್ಕೆ ಕಾಕಾನ ಕಿಟಕಿ ಕಪ್ಪಾಯಿತು. "ಹೋತು," ಅಂದರು. ನಾಲ್ಕು ನಿಮಿಷಕ್ಕೆ ಹೋಸ್ಟ್ ಮುಚ್ಚತೊಡಗಿತು. ಫೈಲ್ ಸರ್ವರ್ 9 ಸೆಕೆಂಡಿಗೆ ಮಲಗಿತು, ಜಾಬ್ ರಿಜಿಸ್ಟರ್ 12ಕ್ಕೆ, ಟ್ಯಾಲಿ 70ಕ್ಕೆ. ವಿಂಡೋಸ್ 10 ಮಲಗಲೇ ಇಲ್ಲ. 150 ಸೆಕೆಂಡ್ ಮುಗಿದು ಹೋಸ್ಟ್ ಅದನ್ನು ಬಿಟ್ಟು ಮುಂದೆ ಹೋಯಿತು, ಮತ್ತೆ ಪ್ಲಗ್ ಕಿತ್ತ ಹಾಗೆಯೇ.

ಕಾರಣ ಹುಡುಕಿದರೆ ಎರಡು ಸೇರಿದ್ದವು. ಪ್ಲೇಟಿನ ಹುಡುಗ ಶನಿವಾರ ರಾತ್ರಿ ಸೇವ್ ಮಾಡದ ಪಿಡಿಎಫ್ ಒಂದನ್ನು ತೆರೆದಿಟ್ಟೇ ಹೋಗಿದ್ದ, ವಿಂಡೋಸ್ ಆ ಪ್ರೋಗ್ರಾಂ ತಡೆಯುತ್ತಿದೆ ಎಂದು ಕೇಳುತ್ತ ಕೂತಿತ್ತು. ಇನ್ನೊಂದು ನನ್ನದೇ ತಪ್ಪು. ಬೇರೆಲ್ಲ ವಿಎಂಗಳಲ್ಲಿ ಕ್ಯೂಎಂಯು ಗೆಸ್ಟ್ ಏಜೆಂಟ್ (ವಿಎಂ ಒಳಗೆ ಕೂತು ಹೋಸ್ಟಿನ ಮಾತು ಕೇಳುವ ಚಿಕ್ಕ ಪ್ರೋಗ್ರಾಂ) ಇತ್ತು, ಇದರಲ್ಲಿ ಇಲ್ಲ ಎಂಬುದನ್ನು ನಾನು ನೋಡಿರಲಿಲ್ಲ. ಏಜೆಂಟ್ ಇದ್ದರೆ ಲಿಬ್‌ವರ್ಟ್ ಅದರ ಮೂಲಕ ಹೇಳುತ್ತದೆ, ಇಲ್ಲದಿದ್ದರೆ ಪವರ್ ಬಟನ್ ಒತ್ತಿದ ಸಂಕೇತವನ್ನಷ್ಟೇ ಕಳಿಸಿ ಕಾಯುತ್ತದೆ. ವಿಂಡೋಸಿನಲ್ಲಿ ಏಜೆಂಟ್ ಯಾರನ್ನೂ ಕೇಳದೆ ಬಲವಂತವಾಗಿ ಮುಚ್ಚುತ್ತದೆ. ಅಂದರೆ ಸೇವ್ ಮಾಡದ ಪಿಡಿಎಫ್ ಹೋಗುತ್ತದೆ, ಆದರೆ ಡಿಸ್ಕ್ ಉಳಿಯುತ್ತದೆ. ಇದನ್ನು ಹುಡುಗನಿಗೆ ಬಿಡಿಸಿ ಹೇಳಿದೆ. ಅವನು, "ಹಂಗಾರ ಹೋಗೂ ಮುಂದ ಎಲ್ಲಾ ಮುಚ್ಚೇ ಹೋಗ್ತೇನ್ರಿ ಸರ," ಅಂದ.

ಏಜೆಂಟ್ ಹಾಕಿ, ಬ್ಯಾಟರಿ ತುಂಬಲು ಬಿಟ್ಟು, ಊಟ ಮುಗಿಸಿ ಬಂದೆವು. ಮಾಲಕರ ಮನೆಯ ಜೋಳದ ರೊಟ್ಟಿ, ಹೆಸರುಕಾಳಿನ ಪಲ್ಯ. ನಾಲ್ಕು ಗಂಟೆಗೆ ಮತ್ತೆ ಪ್ಲಗ್ ಕಿತ್ತೆ. ಈ ಸಲ ನಾಲ್ಕೂ ವಿಎಂಗಳು 75 ಸೆಕೆಂಡಿನೊಳಗೆ ಮಲಗಿದವು, ಹೋಸ್ಟ್ ಆರಿತು, ಅದರ ಬೆನ್ನಿಗೆ ಯುಪಿಎಸ್ ಕೂಡ ತನ್ನ ಔಟ್‌ಪುಟ್ ಕಡಿಯಿತು. ಇದು ಬೇಕೇ ಬೇಕು. ಹೋಸ್ಟ್ ಆರುವ ಹೊತ್ತಿಗೇ ಕರೆಂಟ್ ಬಂದುಬಿಟ್ಟರೆ, ಯುಪಿಎಸ್ ಒಮ್ಮೆ ಕಡಿದು ಕೊಡದಿದ್ದರೆ, ಬಯಾಸಿನಲ್ಲಿ ಕರೆಂಟ್ ಬಂದಾಗ ಏಳು ಎಂದು ಹೇಳಿದ್ದರೂ ಸರ್ವರಿಗೆ ಕರೆಂಟ್ ಹೋಗಿ ಬಂದದ್ದೇ ತಿಳಿಯುವುದಿಲ್ಲ. ಆರಿದ್ದು ಆರಿದಂತೆಯೇ ಇರುತ್ತದೆ.

ಪ್ಲಗ್ ಹಾಕಿದೆ. ಸರ್ವರ್ ಎದ್ದಿತು. ಫೈಲ್ ಸರ್ವರ್ ಮತ್ತು ಜಾಬ್ ರಿಜಿಸ್ಟರ್ ಮೊದಲು, ಆಮೇಲೆ ಉಳಿದ ಎರಡು, ಒಂದರ ಹಿಂದೆ ಒಂದು. ಅಕ್ಕಾರು ರಜೆಯ ದಿನ ಬಂದಿರಲಿಲ್ಲ. ಅವರ ಬದಲು ಮಾಲಕರೇ ಒಂದು ಸುಳ್ಳು ಟಿಕೆಟ್ ತೆಗೆದು ಗೋಡೆಯ ಗಡಿಯಾರದ ಪಕ್ಕ ಹಿಡಿದರು. 4:21. ಗಡಿಯಾರವೂ ಅದನ್ನೇ ಹೇಳುತ್ತಿತ್ತು. ವಿಎನ್‌ಸಿಯ ಬಾಗಿಲೂ ಈಗ ನಿಜವಾಗಿ ಮುಚ್ಚಿತ್ತು, ಆ ನಾಲ್ಕೂ ವಿಎಂಗಳು ಪೂರ್ತಿ ಆರಿ ಹತ್ತಿದ್ದವಲ್ಲ.

ಕಾಕಾ ಐಕಾನ್ ಒತ್ತಿದರು. ಐದಾರು ಸೆಕೆಂಡ್ ಏನೂ ಇಲ್ಲ. ಆಮೇಲೆ 14ನೇ ಪುಟ ಬಂತು, ಕರ್ಸರ್ ಅದೇ ಅರ್ಕಾವತ್ತಿನ ಮೇಲೆ. ಕಾಕಾ ಮೊದಲು ಸೇವ್ ಒತ್ತಿ, ಆಮೇಲೆ ನನ್ನ ಕಡೆ ತಿರುಗಿದರು.

ಹೊರಡುವ ಮುಂಚೆ ಸರ್ವರಿನ ಕಪಾಟಿನ ಒಳಬಾಗಿಲಿಗೆ ಒಂದು ಹಾಳೆ ಅಂಟಿಸಿದೆ. ಎರಡು ನಿಮಿಷಕ್ಕೆ ಏನು, ನಾಲ್ಕಕ್ಕೆ ಏನು, ಯಾವ ಫೈಲಿನಲ್ಲಿ ಯಾವ ಸಾಲು, ಯಾರ ಮಾತಿನ ಮೇಲೆ ಆ ಸಾಲು ಬರೆದದ್ದು. ಕೊನೆಯದು ನನಗೆ ಮುಖ್ಯ. ನನ್ನ ನಂತರ ಬರುವವರು ಬದಲಿಸುವ ಮುಂಚೆ ಯಾರನ್ನು ಕೇಳಬೇಕು ಎಂಬುದು ಅದರಿಂದ ತಿಳಿಯುತ್ತದೆ. ಹಾಳೆಯನ್ನು ಕನ್ನಡದಲ್ಲೇ ಬರೆದದ್ದರಿಂದ ಮಾಲಕರೂ ಪೂರ್ತಿ ಓದಿದರು. ಓದಿ, ಹನ್ನೊಂದು ನಿಮಿಷ ಎಂಬ ಅಂಕಿಯ ಮೇಲೆ ಬೆರಳಿಟ್ಟು ಕೇಳಿದರು:

"ಇದು ವರ್ಷಾ ವರ್ಷಾ ಕಡಿಮಿ ಆಕ್ಕೋತ ಹೋಗತೈತಿ, ಹೌದಲ್ರಿ?"

ಹೌದು ಅಂದೆ. ನಾಲ್ಕು ನಿಮಿಷ ಕಾಯಲು, ಎರಡೂವರೆ ಮುಚ್ಚಲು, ಒಂದು ಹೋಸ್ಟಿಗೆ, ಒಟ್ಟು ಏಳೂವರೆ. ಉಳಿದಿರುವುದು ಮೂರೂವರೆ ನಿಮಿಷ. ಜೂನ್ ಮೊದಲ ವಾರದಲ್ಲಿ ಹೊಸ ಬ್ಯಾಟರಿ ಹಾಕಿಸಿದ್ದೇವೆ ಎಂದು ಅಕ್ಕಾರು ಫೋನ್ ಮಾಡಿದರು. ಈ ವಾರ ಮತ್ತೊಂದು ಭಾನುವಾರ ಪ್ಲಗ್ ಕಿತ್ತು ಹೊಸ ಅಂಕಿ ಅಳೆಯುವುದಿದೆ.